ಬೀಳುವವರಿಗೆ ಮಾತ್ರ ಕೊಡುತ್ತಿದ್ದ ದಾಗ್ನಿ

ಡೆನ್ಮಾರ್ಕಿನ ಲೆಮ್ವಿ ಊರಿನಲ್ಲಿ, ಬಂದರಿಗೆ ಇಳಿಯುವ ಕಡಿದಾದ ಬೀದಿಯಲ್ಲಿ, ದಾಗ್ನಿ ಎಂಬ ಹೆಂಗಸೊಬ್ಬಳಿದ್ದಾಳೆ. ಅವಳ ಕಥೆ ಹೇಳಬೇಕಾದರೆ ಅವಳ ಐನೂರು ಕ್ರೋನರಿನಿಂದಲೇ ಶುರು ಮಾಡಬೇಕು. ಏಳು ವರ್ಷಗಳಲ್ಲಿ ಆ ಐನೂರು ಕ್ರೋನರು ನೂರು ನೂರಾಗಿ ಒಡೆದು, ನಾನೂರಕ್ಕೂ ಹೆಚ್ಚು ಜನರ ಹೊಸ್ತಿಲು ಮುಟ್ಟಿ ಬಂದಿತ್ತು. ಒಬ್ಬರ ಮನೆಯನ್ನೂ ಸೇರಿರಲಿಲ್ಲ. ಹೋದದ್ದು ಹೋದಷ್ಟೇ ನೆಟ್ಟಗೆ ಪ್ರತಿ ಸಲವೂ ತಿರುಗಿ ಬಂದು ಅವಳ ಖಾತೆಯಲ್ಲಿ ಕೂತಿತ್ತು.

ಇದು ಮಾಟವೂ ಅಲ್ಲ, ಮೋಸವೂ ಅಲ್ಲ. ಜನರಿಂದ ಹಣ ಕೂಡಿಸುವ ಜಾಲತಾಣಗಳಿವೆಯಲ್ಲ, ಅವುಗಳ ಕಟ್ಟಳೆಯೇ ಹಾಗೆ. ಒಬ್ಬನಿಗೆ ಏನೋ ಮಾಡುವ ಆಸೆ. ಇಷ್ಟು ಹಣ ಬೇಕು, ಇಷ್ಟು ದಿನದೊಳಗೆ ಬೇಕು ಎಂದು ಮನವಿ ಹಾಕುತ್ತಾನೆ. ಕಂಡವರು ಕೈಲಾದಷ್ಟು ಕೊಡುತ್ತಾರೆ. ಎಷ್ಟು ಬಂತೆಂದು ಹೇಳುವ ಹಸಿರು ಪಟ್ಟಿಯೊಂದು ಮನವಿಯ ತಲೆಯ ಮೇಲೆ ಬೆಳೆಯುತ್ತ ಹೋಗುತ್ತದೆ. ಕೇಳಿದ್ದಷ್ಟೂ ಬಂದರೆ ಹಣ ಅವನದು. ಒಂದೇ ಒಂದು ಕ್ರೋನರು ಕಡಿಮೆಯಾದರೂ ಎಲ್ಲರ ದುಡ್ಡೂ ಅವರವರಿಗೆ ವಾಪಸು. ದಾಗ್ನಿ ಬೀಳುವ ಮನವಿಗಳನ್ನೇ ಹುಡುಕಿ ಕೊಡುತ್ತಿದ್ದಳು. ಅದಕ್ಕೇ ದುಡ್ಡು ಬರುತ್ತಿತ್ತು.

ಬೀಳುವುದನ್ನು ಗುರುತಿಸುವುದು ಅವಳಿಗೆ ಕಷ್ಟದ ಕೆಲಸವಾಗಿರಲಿಲ್ಲ. ಥ್ಯುಬೊರೋನ್ ಬಂದರಿನ ಮೀನಿನ ಹರಾಜುಕಟ್ಟೆಯಲ್ಲಿ ಅವಳು ಮೂವತ್ತೊಂದು ವರ್ಷ ಹಲಗೆಯ ಮೇಲೆ ದರ ಬರೆದವಳು. ಮೀನಿಗೆ ಬೆನ್ನು ಹಾಕಿ, ಹಲಗೆಗೆ ಮುಖ ಮಾಡಿ ನಿಲ್ಲುವ ಕೆಲಸ. ಕೂಗಿದ ಅಂಕಿಯನ್ನು ಬರೆಯಬೇಕು, ಅಳಿಸಬೇಕು, ಮತ್ತೆ ಬರೆಯಬೇಕು. ಬೆಳಿಗ್ಗೆ ಮೊದಲ ಹತ್ತು ಪೆಟ್ಟಿಗೆ ಹೋದ ರೀತಿಯಲ್ಲೇ ಅಂದಿನ ಬಜಾರು ಏಳುತ್ತದೋ ಮಲಗುತ್ತದೋ ಹೇಳಿಬಿಡುತ್ತಿದ್ದಳು. ಹಲಗೆ ಹೋಗಿ ಯಂತ್ರ ಬಂತು, ದಾಗ್ನಿ ಮನೆಗೆ ಬಂದಳು, ಆ ಕಣ್ಣು ಮಾತ್ರ ಹಾಗೇ ಉಳಿಯಿತು. ಮೂರು ಮನವಿ ಹಾಕಿದರೆ ಎರಡು ಬೀಳುತ್ತವೆ. ಬೀಳುವುದೂ ಎಡವಿ ಬೀಳುವುದಲ್ಲ, ಮೊದಲ ಮೆಟ್ಟಿಲಲ್ಲೇ ಕೂತುಬಿಡುವುದು. ಅರ್ಧ ಗಡುವು ಕಳೆದರೂ ಐದರಲ್ಲೊಂದು ಪಾಲು ಕೂಡದಿದ್ದರೆ ಅದು ಏಳುವ ಮಾತೇ ಇಲ್ಲ. ಹಾಗೆಯೇ ನೂರಕ್ಕೆ ಎಂಬತ್ತು ದಾಟಿದ್ದು ಬೀಳುವ ಮಾತೂ ಇಲ್ಲ. ಇದು ಅವಳ ಲೆಕ್ಕ, ಮತ್ತು ಏಳು ವರ್ಷ ಅದು ತಪ್ಪಿರಲಿಲ್ಲ.

ಅವಳು ಇದಕ್ಕೆ ಕೈ ಹಾಕಿದ್ದು ಗಂಡ ಐವಿನ್‌ನಿಂದಾಗಿ. ಐವಿನ್ ದೋಣಿಕಟ್ಟೆಯಲ್ಲಿ ಬೆಸುಗೆಗಾರನಾಗಿದ್ದವನು, ಮಾತು ಕಡಿಮೆ, ಕೈಚಳಕ ಹೆಚ್ಚು. ಒಂದು ಶರತ್ಕಾಲದಲ್ಲಿ ಆಲೂಗಡ್ಡೆ ತುಂಬಿದ್ದ ಅವನ ಕೈಗಾಡಿ ಹಿತ್ತಿಲ ಇಳಿಜಾರಿನಲ್ಲಿ ಕೈತಪ್ಪಿ, ಕೆಳಗಿನ ಮನೆಯವರ ಟೊಮೆಟೊ ಬೆಳೆಯುವ ಗಾಜಿನ ಮನೆಗೆ ನುಗ್ಗಿತು. ಆ ಚಳಿಗಾಲವಿಡೀ ಅವನು ಶೆಡ್ಡಿನಲ್ಲಿ ಕೂತು ಬ್ರೇಕಿರುವ ಕೈಗಾಡಿ ಮಾಡಿದ. ಹಿಡಿ ಬಿಟ್ಟರೆ ಸಾಕು, ಗಾಡಿ ನಿಂತಲ್ಲೇ ನಿಲ್ಲುತ್ತಿತ್ತು. ಊರಿಗೆ ಊರೇ ಬಂದು ನೋಡಿ, "ಹ್ಞೂಂ, ಪರವಾಗಿಲ್ಲ" ಎಂದಿತು. ಲೆಮ್ವಿಯಿರುವ ಪಶ್ಚಿಮ ಯುಟ್ಲಂಡ್ ಸೀಮೆಯವರ ಬಾಯಲ್ಲಿ ಅದಕ್ಕಿಂತ ದೊಡ್ಡ ಹೊಗಳಿಕೆ ಹುಟ್ಟುವುದಿಲ್ಲ. ಹಾಗಾಗಿ ಐವಿನ್ ಧೈರ್ಯ ಮಾಡಿ ಮನವಿ ಹಾಕಿದ. ತೊಂಬತ್ತು ಸಾವಿರ, ನಲವತ್ತೈದು ದಿನ.

ಲೆಮ್ವಿ ಗುಡ್ಡದ ಊರು, ಅಲ್ಲಿ ಹುಟ್ಟಿದವರಿಗೆ ಜಗತ್ತೆಲ್ಲ ಇಳಿಜಾರೇ. ಮಿಕ್ಕ ಡೆನ್ಮಾರ್ಕು ತಟ್ಟೆಯಂತೆ ಚಪ್ಪಟೆಯಾಗಿದೆ ಎಂಬುದು ಐವಿನ್‌ಗೂ ಹೊಳೆಯಲಿಲ್ಲ, "ಪರವಾಗಿಲ್ಲ" ಎಂದ ಒಬ್ಬರಿಗೂ ಹೊಳೆಯಲಿಲ್ಲ. ನಲವತ್ತೈದು ದಿನ ಕಳೆದಾಗ ಕೊಟ್ಟವರ ಪಟ್ಟಿಯಲ್ಲಿ ನಾಲ್ಕು ಹೆಸರಿದ್ದವು. ಅವನ ಅಕ್ಕ, ಬ್ಯಾಡ್ಮಿಂಟನ್ ಜೊತೆಗಾರ, ದಾಗ್ನಿ. ನಾಲ್ಕನೆಯದು ಯಾರೆಂದು ಗೊತ್ತಿಲ್ಲದ ಹೆಸರು. ಎಚ್. ಲೌಗೆ, ಟೊಂಡರ್, ನೂರು ಕ್ರೋನರು.

ಐವಿನ್ ಅಂದಿನಿಂದ ಬ್ಯಾಡ್ಮಿಂಟನ್ನಿಗೆ ಹೋಗುವುದನ್ನು ಬಿಟ್ಟ. ಆದರೆ ಆ ನಾಲ್ಕನೇ ಹೆಸರನ್ನು ಶೆಡ್ಡಿನ ಗೋಡೆಯ ಮೇಲೆ, ಸುತ್ತಿಗೆ ತೂಗುಹಾಕುವ ಮೊಳೆಯ ಪಕ್ಕದಲ್ಲಿ, ಪೆನ್ಸಿಲಿನಿಂದ ಬರೆದುಕೊಂಡ.

"ಟೊಂಡರ್ ಅಂದ್ರೆ ಜವುಗು ನೆಲ ಕಣೇ," ಎನ್ನುತ್ತಿದ್ದ. "ಅಲ್ಲಿ ಚೆಂಡು ಇಟ್ರೂ ಉರುಳಲ್ಲ. ಅಂಥ ಊರಿನವನು ನನ್ನ ಬ್ರೇಕನ್ನ ನಂಬಿದ್ನಲ್ಲ."

ಆ ಒಂದು ಹೆಸರು ಗಂಡನನ್ನು ಹಿಡಿದು ನಿಲ್ಲಿಸಿದ್ದನ್ನು ದಾಗ್ನಿ ಕಣ್ಣಾರೆ ಕಂಡಳು. ಕಂಡ ಮೇಲೆ ಸುಮ್ಮನಿರಲಾಗಲಿಲ್ಲ. ಎಲ್ಲೋ ಯಾರೋ ತಮ್ಮ ಖಾಲಿ ಪಟ್ಟಿಯನ್ನು ದಿಟ್ಟಿಸುತ್ತ ಕೂತಿರುತ್ತಾರೆ, ಅವರಿಗೊಂದು ಹೊರಗಿನ ಹೆಸರು ಬೇಕು. ಹೇಗೂ ದುಡ್ಡು ತಿರುಗಿ ಬರುತ್ತದೆ.

"ನೀನು ದಾನ ಮಾಡ್ತೀಯೋ, ಕಣ್ಣಾಮುಚ್ಚಾಲೆ ಆಡ್ತೀಯೋ?" ಎಂದು ಗ್ರಂಥಾಲಯದ ಬೊಡಿಲ್ ಅವಳನ್ನು ಕೆಣಕುತ್ತಿದ್ದಳು. ದಾಗ್ನಿ ಕೂರುತ್ತಿದ್ದುದು ಬೊಡಿಲಳ ಮೇಜಿನ ಪಕ್ಕದ ಕಂಪ್ಯೂಟರಿನಲ್ಲೇ.

"ಗಂಜಿ ಕುಡಿಸ್ತಿಲ್ಲ ಕಣೇ, ಹಣೆ ಮೇಲೆ ಕೈ ಇಡ್ತಿದೀನಿ ಅಷ್ಟೆ," ಎನ್ನುತ್ತಿದ್ದಳು ದಾಗ್ನಿ.

"ಏನು ಮಾಡೋಕೆ ಹೊರಟಿದಾರೆ ಅಂತಾದ್ರೂ ಓದ್ತೀಯಾ?"

"ಓದಿ ಏನಾಗ್ಬೇಕು? ಪಟ್ಟಿ ನೋಡಿದ್ರೆ ಸಾಕು."

ಕಳೆದ ಫೆಬ್ರುವರಿಯಲ್ಲಿ ಅವಳ ಕಣ್ಣಿಗೆ ಒಂದು ಮನವಿ ಬಿತ್ತು. ಹನ್ಸ್‌ಥೋಲ್ಮ್ ಬಂದರಿನ ಮೆರೆಟೆ ಎಂಬವಳದು. ಬೇಕಾದದ್ದು ಒಂದು ಲಕ್ಷ ಅರವತ್ತು ಸಾವಿರ. ಮೂವತ್ತೈದರಲ್ಲಿ ಹದಿನೆಂಟು ದಿನ ಕಳೆದಿತ್ತು, ಬಂದದ್ದು ನೂರಕ್ಕೆ ಎರಡು. ಕೊಟ್ಟವರು ಮೂವರು, ಮೂವರದೂ ಒಂದೇ ಮನೆತನದ ಹೆಸರು. ದಾಗ್ನಿಗೆ ಐವಿನ್‌ನ ಪಟ್ಟಿಯನ್ನೇ ಮತ್ತೆ ನೋಡಿದಂತಾಯಿತು, ಆ ನಾಲ್ಕನೆಯ ಹೆಸರೊಂದಿಲ್ಲ.

ನೂರು ಕೊಟ್ಟಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಅಂದು ದಾಗ್ನಿಯ ಕೈ ಉದಾರವಾಯಿತು. ನೂರು ಕ್ರೋನರಿಗೆ ಪಟ್ಟಿ ಕೂದಲೆಳೆಯಷ್ಟೂ ಬೆಳೆಯುವುದಿಲ್ಲ. ಈ ಹೆಂಗಸು ಎರಡು ವಾರವಾದರೂ ಒಂದು ದೊಡ್ಡ ಅಂಕಿ ನೋಡಿಕೊಂಡು ಕಾಫಿ ಕುಡಿಯಲಿ. ಆಮೇಲೆ ಬೀಳುವುದು ಇದ್ದೇ ಇದೆ. ಖಾತೆಯಲ್ಲಿ ಇಪ್ಪತ್ತಾರು ಸಾವಿರ ಇತ್ತು. ಅದು ಐವಿನ್‌ನ ಹಲ್ಲಿನ ದುಡ್ಡು. ಅವನ ಎಡದವಡೆಯಲ್ಲಿ ಮೂರು ಹಲ್ಲು ಹೋಗಿ ಎರಡು ವರ್ಷವಾಗಿತ್ತು. ಆಸ್ಪತ್ರೆಗೆ ಹೋದರೆ ಹೃದಯವನ್ನೂ ಬಿಟ್ಟಿಯಾಗಿ ರಿಪೇರಿ ಮಾಡಿಕೊಡುವ ನಾಡಿನಲ್ಲಿ ಹಲ್ಲಿಗೆ ಮಾತ್ರ ಕೈಯಿಂದ ಹಾಕಬೇಕು. ಅಷ್ಟು ದಿನವೂ ದಾಗ್ನಿ ರೈ ಬ್ರೆಡ್ಡಿನ ಗಟ್ಟಿ ಅಂಚು ಕತ್ತರಿಸಿ, ಮೆತ್ತನೆಯ ನಡುವಿಗೆ ಹಂದಿಯ ಯಕೃತ್ತನ್ನು ಅರೆದು ಮಾಡಿದ ಮಸಾಲೆ ಹಚ್ಚಿ ಅವನ ತಟ್ಟೆಗಿಡುತ್ತಿದ್ದಳು. ವೈದ್ಯರು ಕೊಟ್ಟ ದಿನ ಏಪ್ರಿಲ್ ಒಂಬತ್ತು. ಮೆರೆಟೆಯ ಗಡುವು ಮುಗಿಯುವುದು ಮಾರ್ಚಿ ಏಳಕ್ಕೆ. ನಡುವೆ ಬೇಕಾದಷ್ಟು ದಿನಗಳಿದ್ದವು.

ಇಪ್ಪತ್ತನಾಲ್ಕು ಸಾವಿರ ಎಂದು ಒತ್ತಿದಳು. ಹೆಸರಿನ ಜಾಗದಲ್ಲಿ "ಡಿ., ಲೆಮ್ವಿ" ಎಂದಷ್ಟೇ ಬರೆದಳು. ಪಟ್ಟಿ ಒಮ್ಮೆಲೇ ಎರಡರಿಂದ ಹದಿನೇಳಕ್ಕೆ ಹಾರಿತು. ಬೊಡಿಲ್ ಆಗ ಪುಸ್ತಕ ಜೋಡಿಸಲು ಒಳಗೆ ಹೋಗಿದ್ದಳು.

ನಾಲ್ಕನೇ ದಿನ ಬೆಳಗಿನ ತಿಂಡಿಗೆ ಕೂತಾಗ ಐವಿನ್ ಪತ್ರಿಕೆ ಮಡಚಿ ನಕ್ಕ. ಅವನು ನಕ್ಕು ತುಂಬ ದಿನವಾಗಿತ್ತು.

"ಕೇಳಿದ್ಯಾ ಇಲ್ಲಿ. ಹನ್ಸ್‌ಥೋಲ್ಮ್‌ನಲ್ಲಿ ಯಾವಳೋ ಹಳೇ ಮೀನಿನ ಬಲೆ ಹೊಲಿದು ತೂಗುಹಾಸಿಗೆ ಮಾಡ್ತಾಳಂತೆ. ನಮ್ಮೂರಿನ ಯಾರೋ ಅದಕ್ಕೆ ಇಪ್ಪತ್ನಾಲ್ಕು ಸಾವಿರ ಸುರಿದಿದಾರೆ!"

ದಾಗ್ನಿಯ ಕೈಯಲ್ಲಿದ್ದ ಚಾಕು ಬೆಣ್ಣೆಯಲ್ಲೇ ನಿಂತಿತು. "ನಮ್ಮೂರಿನವರೇ?"

"ಲೆಮ್ವಿಯವರು ಶವಪೆಟ್ಟಿಗೆಗೂ ಚೌಕಾಸಿ ಮಾಡೋರು. ಯಾವುದೋ ತಲೆಕೆಟ್ಟ ಕುಳ ಇರ್ಬೇಕು. ಅಷ್ಟು ದುಡ್ಡು ಹಾಕ್ಬೇಕಾದ್ರೆ ಆ ಬಲೆಯಲ್ಲಿ ಏನೋ ಕಂಡಿರ್ಬೇಕಪ್ಪ ಅಂತ ಪೇಪರಿನವನು ಬರ್ದಿದಾನೆ."

ಬಲೆ, ತೂಗುಹಾಸಿಗೆ. ದಾಗ್ನಿಗೆ ತಾನು ದುಡ್ಡು ಹಾಕಿದ್ದು ಯಾವುದಕ್ಕೆ ಎಂಬುದು ಗೊತ್ತಾದದ್ದೇ ಆಗ.

ಪತ್ರಿಕೆಯವನು ಯೋಚಿಸಿದಂತೆಯೇ ಮಿಕ್ಕವರೂ ಯೋಚಿಸಿದರು. ಲೆಮ್ವಿಯವರೊಬ್ಬರು ಗಂಟು ಬಿಚ್ಚಿದ್ದಾರೆಂದರೆ ಸುಮ್ಮನೆ ಅಲ್ಲ. ಹದಿನೇಳು ಇಪ್ಪತ್ತೊಂಬತ್ತಾಯಿತು, ನಲವತ್ತಾಯಿತು. ಒಂದು ವಾರ ಕಳೆಯುವುದರೊಳಗೆ ಅರವತ್ತು ದಾಟಿತು. ದಾಗ್ನಿ ದಿನವೂ ಗ್ರಂಥಾಲಯಕ್ಕೆ ಹೋಗಿ, ಜ್ವರದ ಮಗುವಿನ ಪಾದರಸ ನೋಡುವ ತಾಯಿಯಂತೆ ಆ ಪಟ್ಟಿಯನ್ನು ನೋಡುತ್ತಿದ್ದಳು. ಇಳಿಯಲಿ ಎಂದು ಬೇಡುವುದು ಹೇಗೆ? ಒಂದು ಮನವಿ ಏಳುತ್ತಿರುವುದನ್ನು ಕಂಡು ಅವಳು ಹೆದರಿದ್ದು ಅದೇ ಮೊದಲು.

ಹಾಗಿದ್ದರೆ ಹಿಂತೆಗೆದುಕೊಳ್ಳಬಹುದಿತ್ತು. ಕೊನೆಯ ದಿನ ಶುರುವಾಗುವ ತನಕ ಯಾರು ಬೇಕಾದರೂ ಕೊಟ್ಟದ್ದನ್ನು ವಾಪಸು ಪಡೆಯಬಹುದು, ಅದೂ ಕಟ್ಟಳೆಯೇ. ಒಂದು ಸೋಮವಾರ ಅವಳು ಹಾಗೆ ಮಾಡಲೆಂದೇ ಕೂತಳು. ಕೂತರೆ ಮೆರೆಟೆಯ ಓಲೆ ಬಂದಿತ್ತು.

"ಡಿ. ಅವರೇ, ನೀವು ಗಂಡಸೋ ಹೆಂಗಸೋ ಗೊತ್ತಿಲ್ಲ," ಎಂದು ಅವಳು ಬರೆದಿದ್ದಳು. "ನಾನು ಇಪ್ಪತ್ತೆರಡು ವರ್ಷ ಮೀನು ಕೊಯ್ದಿದೀನಿ, ಬೆರಳು ಈಗ ಬೆಳಿಗ್ಗೆ ಹೊತ್ತು ಮಡಚಲ್ಲ. ಮನವಿ ತೆಗೆದುಬಿಡೋಣ ಅಂತಿದ್ದ ದಿನವೇ ನಿಮ್ಮ ಹೆಸರು ಬಂತು. ಯಾರೋ ಗುರುತಿಲ್ಲದೋರು ಇಷ್ಟು ನಂಬ್ತಾರೆ ಅಂದ್ರೆ ನಾನೂ ನಂಬ್ಬೇಕಲ್ವಾ ಅಂತ ನಿನ್ನೆ ಕಾರ್ಖಾನೆ ಕೆಲಸಕ್ಕೆ ರಾಜೀನಾಮೆ ಕೊಟ್ಟೆ."

ದಾಗ್ನಿ ಅದನ್ನು ಮೂರು ಸಲ ಓದಿದಳು. ಹಿಂತೆಗೆಯುವ ಗುಂಡಿಯ ಮೇಲಿದ್ದ ಬಾಣವನ್ನು ಸರಿಸಿ ಎದ್ದು ಬಂದಳು.

ಮಾರ್ಚಿ ಐದು, ಬುಧವಾರ. ಪಟ್ಟಿ ನೂರಾನಾಲ್ಕು ಮುಟ್ಟಿತು. ಗುರುವಾರ ಮಧ್ಯಾಹ್ನ ಹನ್ನೆರಡಕ್ಕೆ ಹಿಂತೆಗೆಯುವ ಬಾಗಿಲು ಮುಚ್ಚುತ್ತದೆ. ಶುಕ್ರವಾರ ಹನ್ನೆರಡಕ್ಕೆ ಹಣ ಮೆರೆಟೆಗೆ ಹೋಗುತ್ತದೆ. ಆ ಸಂಜೆ ಊಟಕ್ಕೆ ಕೂತಾಗ ದಾಗ್ನಿ ಐವಿನ್‌ಗೆ ಎಲ್ಲವನ್ನೂ ಹೇಳಿದಳು. ಏಳು ವರ್ಷದ್ದನ್ನೂ ಹೇಳಿದಳು.

ಹಲ್ಲಿನ ವಿಷಯಕ್ಕೆ ಅವನು ಕೂಗಾಡುತ್ತಾನೆಂದು ಅವಳು ಎದೆ ಗಟ್ಟಿ ಮಾಡಿಕೊಂಡಿದ್ದಳು. ಅವನು ಹಲ್ಲಿನ ಮಾತೇ ಎತ್ತಲಿಲ್ಲ.

"ಅಂದ್ರೆ, ಬೀಳ್ತಾರೆ ಅಂತ ಗೊತ್ತಿದ್ದೇ ಕೊಡ್ತಿದ್ದೆ," ಎಂದ.

"ಅವರಿಗೆ ಒಂದು ಹೆಸರು ಕಾಣ್ಲಿ ಅಂತ..."

"ಬೀಳ್ತಾರೆ ಅಂತಲೇ ಕೊಡ್ತಿದ್ದೆ. ಏಳ್ತಾರೆ ಅನ್ನಿಸಿದ್ರೆ ಕೊಡ್ತಿರ್ಲಿಲ್ಲ."

ಐವಿನ್ ಬ್ರೆಡ್ಡಿನ ಮೆತ್ತನೆಯ ತುಂಡನ್ನು ತಟ್ಟೆಯಲ್ಲಿ ಅತ್ತಿಂದಿತ್ತ ಸರಿಸಿದ. "ಹಾಗಾದ್ರೆ ಟೊಂಡರ್‌ನವನೂ ಹಿಂಗೇ ಇರ್ಬೇಕು."

"ಅಯ್ಯೋ, ಅದೇನು ಮಾತು ಐವಿನ್, ಎಲ್ರೂ ನನ್ನ ಹಾಗೇ..."

"ಇಳಿಜಾರೇ ಇಲ್ಲದ ಊರಲ್ಲಿ ಬ್ರೇಕ್ ಯಾವನಿಗೆ ಬೇಕು ಹೇಳು? ಇಷ್ಟು ವರ್ಷ ನನಗೆ ಹೊಳೀಲೇ ಇಲ್ಲ ನೋಡು." ಅವನು ಎದ್ದು ತಟ್ಟೆ ತೊಳೆಯುವ ತೊಟ್ಟಿಯ ಬಳಿ ಬೆನ್ನು ಹಾಕಿ ನಿಂತ. "ಆ ಹೆಂಗಸು ಕೆಲಸ ಬಿಟ್ಟಿದಾಳೆ. ದುಡ್ಡು ಇಡ್ತೀಯೋ ತೆಗೀತೀಯೋ, ಅದು ನಿನಗೆ ಬಿಟ್ಟಿದ್ದು. ಆದ್ರೆ ಹೋಗಿ ಮುಖ ನೋಡಿ ಹೇಳು. ನನಗೆ ಯಾರೂ ಹೇಳ್ಲಿಲ್ಲ."

ಗುರುವಾರ ಬೆಳಿಗ್ಗೆ ದಾಗ್ನಿ ಮೊದಲ ರೈಲಿಗೆ ಥ್ಯುಬೊರೋನ್‌ಗೆ ಹೋದಳು, ಅಲ್ಲಿಂದ ಆಗ್ಗರ್‌ಗೆ ಹತ್ತು ನಿಮಿಷದ ಹಡಗು, ಆಮೇಲೆ ಬಸ್ಸು. ಹಡಗಿನಲ್ಲಿ ಗಾಳಿ ಕೆನ್ನೆಗೆ ಹೊಡೆಯುತ್ತಿತ್ತು. ಅವಳ ಚೀಲದಲ್ಲಿ ಬೇಕರಿಯ ಬನ್ನಿನ ಪೊಟ್ಟಣವಿತ್ತು. ಏನೇ ಕೆಟ್ಟ ಸುದ್ದಿ ತಂದರೂ ಕೈ ಬೀಸಿಕೊಂಡು ಒಬ್ಬರ ಮನೆಗೆ ಹೋಗುವುದು ಅವಳಿಗೆ ಗೊತ್ತಿರಲಿಲ್ಲ.

ಹನ್ಸ್‌ಥೋಲ್ಮ್ ತಲುಪಿದಾಗ ಹತ್ತೂಮುಕ್ಕಾಲು. ಬಂದರಿನ ಹಿಂದಿನ ಸಾಲಿನಲ್ಲಿ ಮೆರೆಟೆಯ ಶೆಡ್ಡು. ಬಾಗಿಲು ತೆರೆದವಳು ನಲವತ್ತೇಳರ ಎತ್ತರದ ಹೆಂಗಸು, ಬೆರಳ ಗಂಟುಗಳು ಊದಿದ್ದವು. ಒಳಗೆ ಹಸಿರು, ಕಿತ್ತಳೆ, ನೀಲಿ ಬಲೆಗಳ ರಾಶಿ. ಡಾಂಬರು ಮತ್ತು ಉಪ್ಪಿನ ವಾಸನೆ ದಾಗ್ನಿಯ ಮೂಗಿಗೆ ಬಡಿದು, ಹರಾಜುಕಟ್ಟೆಯ ಮೂವತ್ತೊಂದು ವರ್ಷ ಒಮ್ಮೆಲೇ ಮೈಗೆ ಬಂತು.

"ನಾನು ಡಿ.," ಎಂದಳು. "ಲೆಮ್ವಿಯ ಡಿ."

ಮೆರೆಟೆ ಕೈ ಕುಲುಕಲಿಲ್ಲ, ಅಪ್ಪಿಕೊಂಡಳು. ಬೇಡ ಬೇಡವೆಂದರೂ ಕೇಳದೆ ದಾಗ್ನಿಯನ್ನು ತೊಲೆಗೆ ಕಟ್ಟಿದ್ದ ತೂಗುಹಾಸಿಗೆಯಲ್ಲಿ ಮಲಗಿಸಿಯೇಬಿಟ್ಟಳು. "ದುಡ್ಡು ಹಾಕಿದೋರು ಮೊದಲು ಮಲಗ್ಬೇಕು! ಬೂಟು ತೆಗೀಬೇಡಿ, ಟ್ರಾಲರ್ ಬಲೆ ಇದು, ಎಂಟು ಟನ್ ಮೀನು ಹೊತ್ತಿದೆ, ನೀವೇನು ಮಹಾ?"

ಹಾಸಿಗೆ ತೂಗಿತು. ಬಲೆಯ ಕಣ್ಣುಗಳು ಮೈಯ ತೂಕವನ್ನು ಒಂದೊಂದಾಗಿ ಹಂಚಿಕೊಂಡವು. ಬೆನ್ನಿನ ಕೆಳಗೆ ಒಂದು ಗಂಟು ಒತ್ತುತ್ತಿತ್ತು. ಅದನ್ನು ಬಿಟ್ಟರೆ ದಾಗ್ನಿ ಅಷ್ಟು ಹಗುರಾಗಿ ಮಲಗಿ ಎಷ್ಟು ವರ್ಷವಾಗಿತ್ತೋ. ಮೇಲೆ ತೊಲೆ, ತೊಲೆಯಾಚೆ ಗಾಜಿನ ಚೌಕದಲ್ಲಿ ಕಡಲಹಕ್ಕಿಗಳು.

"ಹೇಗಿದೆ?" ಎಂದಳು ಮೆರೆಟೆ.

"ಪರವಾಗಿಲ್ಲ," ಎಂದಳು ದಾಗ್ನಿ. ಹಾಗೆಂದ ಕೂಡಲೇ ಕಣ್ಣು ತುಂಬಿ, ಮಲಗಿದಲ್ಲಿಂದಲೇ ಎಲ್ಲವನ್ನೂ ಹೇಳಿಬಿಟ್ಟಳು. ಎದ್ದು ಕೂರಲು ನೋಡಿದಳು, ಬಲೆ ಬಿಡಲಿಲ್ಲ. ಹಾಗಾಗಿ ಸಿಕ್ಕಿಬಿದ್ದ ಮೀನಿನಂತೆ ಅರ್ಧ ಎದ್ದು ಅರ್ಧ ಬಿದ್ದುಕೊಂಡೇ ಐವಿನ್‌ನ ಹಲ್ಲಿನ ಕಥೆ ಮುಗಿಸಿದಳು.

ಮೆರೆಟೆ ಒಂದು ದಾರದುಂಡೆಯನ್ನು ಬಿಚ್ಚಿ, ಮತ್ತೆ ಸುತ್ತಿದಳು.

"ನನ್ನ ಮನವಿ ಓದಿರ್ಲಿಲ್ಲ?"

"ಇಲ್ಲ."

"ಫೋಟೋನಾದ್ರೂ ನೋಡಿದ್ರಾ?"

"ಪಟ್ಟಿ ನೋಡ್ದೆ."

"ಅಂದ್ರೆ ನಾನು ಸಾಯೋದು ಖಾತ್ರಿ ಅಂತ ಹೂವು ತಗೊಂಡು ಬಂದೋರು ನೀವು."

ಮೆರೆಟೆ ದಾಗ್ನಿಯ ತೋಳು ಹಿಡಿದು ಬಲೆಯಿಂದ ಎತ್ತಿ ನಿಲ್ಲಿಸಿದಳು, ಒರಟಾಗಿ, ಆದರೆ ಬೀಳದ ಹಾಗೆ. ಗೋಡೆಯ ಗಡಿಯಾರ ಹನ್ನೊಂದೂ ಕಾಲು ತೋರಿಸುತ್ತಿತ್ತು.

"ಇಲ್ಲಿ ಕೇಳಮ್ಮ, ನಿನಗೊಂದು ಮಾತು ಹೇಳ್ತೀನಿ," ಎಂದು ದಾಗ್ನಿ ಮೇಜಿನ ತುದಿ ಹಿಡಿದುಕೊಂಡಳು. ದಾರಿಯುದ್ದಕ್ಕೂ ಅವಳು ಇದನ್ನೇ ಲೆಕ್ಕ ಹಾಕಿಕೊಂಡು ಬಂದಿದ್ದಳು. "ಈಗ ನೂರಾನಾಲ್ಕಿದೆ. ನನ್ನದು ತೆಗೆದ್ರೆ ಎಂಬತ್ತೊಂಬತ್ತು. ಇನ್ನೂ ಒಂದು ದಿನ ಇದೆ. ನಾನು ಏಳು ವರ್ಷದಿಂದ ನೋಡ್ತಿದೀನಿ, ಎಂಬತ್ತು ದಾಟಿದ್ದು ಒಂದೇ ಒಂದು ಬಿದ್ದಿಲ್ಲ. ಕೊನೇ ದಿನ ಜನ ಓಡಿಬಂದು ತುಂಬಿಸ್ತಾರೆ. ನೀನು ಹೆದರ್ಬೇಡ. ಖಂಡಿತಾ ಏಳ್ತೀಯ."

ಮೆರೆಟೆ ನಕ್ಕಳು. ಅದು ಒಳ್ಳೆಯ ನಗುವಾಗಿರಲಿಲ್ಲ. "ಮೊನ್ನೆ ನಿಮ್ಮ ಲೆಕ್ಕ ನಾನು ಏಳೋದೇ ಇಲ್ಲ ಅಂದಿತ್ತು. ಇವತ್ತು ಬೀಳೋದೇ ಇಲ್ಲ ಅನ್ನುತ್ತೆ."

"ಹಾಗಲ್ಲ..."

"ತೆಗೀರಿ ಅಂತಾನೂ ಹೇಳಲ್ಲ, ಬಿಡಿ ಅಂತಾನೂ ಹೇಳಲ್ಲ. ನಿಮ್ಮ ದುಡ್ಡು, ನಿಮ್ಮ ಗಂಡನ ಬಾಯಿ. ನಾನು ಕಾಫಿ ಇಡ್ತೀನಿ."

ಅವಳು ಒಳಗೆ ಹೋದಳು. ಪಾತ್ರೆಗೆ ನೀರು ಬೀಳುವ ಸದ್ದು ಕೇಳಿತು. ದಾಗ್ನಿ ಫೋನು ತೆಗೆದಳು. ಎರಡು ವರ್ಷ ಮೆತ್ತನೆಯ ಬ್ರೆಡ್ಡು ನುಂಗಿದ ಐವಿನ್ ಕಣ್ಣ ಮುಂದೆ ಬಂದ. ಬೆಳಿಗ್ಗೆ ಮಡಚದ ಬೆರಳು ಕಣ್ಣ ಮುಂದೆ ಬಂತು. ಎರಡೂ ಒಟ್ಟಿಗೆ ಬಂದದ್ದರಿಂದ, ಅಭ್ಯಾಸವಿದ್ದ ಕಡೆಗೇ ತಿರುಗಿದಳು. ಪಟ್ಟಿಯ ಕಡೆಗೆ, ದರದ ಕಡೆಗೆ. ಎಂಬತ್ತೊಂಬತ್ತು, ಬೀಳುವುದಿಲ್ಲ. ಇಪ್ಪತ್ತನಾಲ್ಕು ಸಾವಿರವನ್ನು ಹಿಂತೆಗೆದಳು. ಆಮೇಲೆ ಒಂದು ತೂಗುಹಾಸಿಗೆಯ ಬೆಲೆ ಒಂಬೈನೂರೆಂದು ಓದಿ, ಹೌದು, ಈ ಸಲ ಓದಿ, ಒಂಬೈನೂರು ಹಾಕಿದಳು. ಹೆಸರನ್ನು ಪೂರ್ತಿಯಾಗಿ ಬರೆದಳು.

ಮೆರೆಟೆ ಎರಡು ಲೋಟ ತಂದಿಟ್ಟಳು, ತನ್ನ ಫೋನು ನೋಡಿದಳು, ಅದನ್ನು ಬೋರಲು ಹಾಕಿದಳು. ದಾಗ್ನಿ ತಂದ ಬನ್ನನ್ನು ಇಬ್ಬರೂ ತಿಂದರು. ಗಾಳಿಯ ಬಗ್ಗೆ, ಹಡಗಿನ ಹೊಸ ವೇಳಾಪಟ್ಟಿಯ ಬಗ್ಗೆ ಮಾತಾಡಿದರು.

"ಬೆನ್ನಿಗೆ ಒಂದು ಗಂಟು ಒತ್ತುತ್ತೆ," ಎಂದಳು ದಾಗ್ನಿ ಹೊರಡುವಾಗ.

"ಗೊತ್ತು," ಎಂದಳು ಮೆರೆಟೆ. "ಅದನ್ನ ಸರಿ ಮಾಡೋಕೇ ಆ ಹೊಲಿಗೆ ಯಂತ್ರ ಬೇಕಾಗಿದ್ದು. ಮನವೀಲಿ ಬರ್ದಿದೀನಿ."

ಶುಕ್ರವಾರ ದಾಗ್ನಿ ಗ್ರಂಥಾಲಯದ ಬಾಗಿಲು ತೆಗೆಯುವುದನ್ನೇ ಕಾದು ನಿಂತಿದ್ದಳು. ಐವಿನ್ ಕೂಡ ಬಂದಿದ್ದ, ಟೋಪಿ ತೆಗೆಯದೆ ಅವಳ ಹಿಂದೆ ನಿಂತಿದ್ದ. ಒಂಬತ್ತು ಗಂಟೆಗೆ ಪಟ್ಟಿ ತೊಂಬತ್ತೊಂದು. ಹತ್ತಕ್ಕೆ ತೊಂಬತ್ತೆರಡು. ದೊಡ್ಡ ಹೆಸರು ಮಾಯವಾದದ್ದನ್ನು ಜನ ಕಂಡಿದ್ದರು. ಮನವಿಯ ಕೆಳಗೆ ಯಾರೋ ಬರೆದಿದ್ದರು: "ಲೆಮ್ವಿಯವರು ಕಾಲು ಕಿತ್ತರಲ್ಲ, ಏನು ಸಮಾಚಾರ?" ಅದರ ಕೆಳಗೆ ಇನ್ನೊಬ್ಬರು: "ಅವರಿಗೆ ಏನೋ ಗೊತ್ತಾಗಿರಬೇಕು."

"ಇಲ್ಲ, ಕೊನೇ ಗಂಟೇಲಿ ಬರ್ತಾರೆ," ಎಂದಳು ದಾಗ್ನಿ. "ಯಾವಾಗಲೂ ಹಾಗೇ."

ಬೊಡಿಲ್ ಪುಸ್ತಕದ ಗಾಡಿಯನ್ನು ಅಲ್ಲೇ ಬಿಟ್ಟು ಬಂದು, ತನ್ನ ಕಾರ್ಡಿನಿಂದ ಒಂದು ಹಾಸಿಗೆಗೆ ದುಡ್ಡು ಹಾಕಿದಳು. ಪಟ್ಟಿ ತೊಂಬತ್ತಮೂರಾಯಿತು. ದಾಗ್ನಿ ಮತ್ತೆ ಹಲ್ಲಿನ ದುಡ್ಡಿಗೆ ಕೈ ಹಾಕಹೋದಳು. ಒಂದು ಸಲ ಹಿಂತೆಗೆದವರು ಅದೇ ಮನವಿಗೆ ಒಂದು ಹಾಸಿಗೆಗಿಂತ ಹೆಚ್ಚು ಹಾಕುವಂತಿಲ್ಲವೆಂದು ತಾಣ ಹೇಳಿತು. ಬೇರೆಯವರ ಹೆಸರಿನಲ್ಲಿ ಹಾಕೋಣವೆಂದರೆ ಹಿಂತೆಗೆದ ದುಡ್ಡು ಇನ್ನೂ ಖಾತೆಗೆ ಮರಳಿರಲಿಲ್ಲ. ಐವಿನ್ ಜೇಬಿನಿಂದ ತನ್ನ ಕಾರ್ಡು ತೆಗೆದು ಮೇಜಿನ ಮೇಲಿಟ್ಟ. ಅದರಲ್ಲಿದ್ದದ್ದು ಸಾವಿರದ ಚಿಲ್ಲರೆ. ಅದನ್ನೂ ಹಾಕಿದರು. ಪಟ್ಟಿ ಕದಲಿತು, ಅಂಕಿ ಬದಲಾಗಲಿಲ್ಲ.

ಹನ್ನೆರಡು ಹೊಡೆಯಿತು. ಹಸಿರು ಪಟ್ಟಿ ಬೂದು ಬಣ್ಣಕ್ಕೆ ತಿರುಗಿತು. ತೊಂಬತ್ತಮೂರು. ದಾಗ್ನಿಯ ಏಳು ವರ್ಷದಲ್ಲಿ ಅಷ್ಟು ಎತ್ತರದಿಂದ ಬಿದ್ದದ್ದು ಇದೊಂದೇ.

ಮೂರನೇ ದಿನ ಅವಳ ಒಂಬೈನೂರು ಖಾತೆಗೆ ಮರಳಿತು. ನಾನೂರಕ್ಕೂ ಹೆಚ್ಚು ಸಲ ಅವಳ ದುಡ್ಡು ಹೀಗೆಯೇ ಮರಳಿತ್ತು. ಆ ದಿನ ಅದನ್ನು ನೋಡಿದಾಗ ದಾಗ್ನಿಗೆ, ಸತ್ತವರ ಹೆಸರಿಗೆ ಬಂದ ಅಂಚೆಯನ್ನು ಕೈಯಲ್ಲಿ ಹಿಡಿದಂತಾಯಿತು. ಮೆರೆಟೆಗೆ ಎರಡು ಸಲ ಓಲೆ ಬರೆದಳು. ಉತ್ತರ ಬರಲಿಲ್ಲ. ಅವಳು ಮತ್ತೆ ಮೀನಿನ ಕಾರ್ಖಾನೆಗೆ ಹೋಗುತ್ತಿದ್ದಾಳೆ, ಹಳೆಯ ಜಾಗ ಸಿಗಲಿಲ್ಲ, ವಾರಕ್ಕೆ ಮೂರು ದಿನದ ಬದಲಿ ಕೆಲಸ ಎಂದು ಹಡಗಿನಲ್ಲಿ ಟಿಕೆಟು ಹರಿಯುವವನಿಂದ ತಿಳಿಯಿತು.

ಏಪ್ರಿಲ್ ಒಂಬತ್ತಕ್ಕೆ ಐವಿನ್‌ಗೆ ಹಲ್ಲು ಕೂತಿತು. ಈಗ ಅವನು ರೈ ಬ್ರೆಡ್ಡಿನ ಗಟ್ಟಿ ಅಂಚನ್ನೇ ಮೊದಲು ಕಚ್ಚುತ್ತಾನೆ. ಬೆಳಗಿನ ಅಡುಗೆಮನೆಯಲ್ಲಿ ಕರ್ರ್ ಕರ್ರ್ ಎಂಬ ಆ ಸದ್ದಿಗೆ ದಾಗ್ನಿ ಎರಡು ವರ್ಷ ಕಾದಿದ್ದಳು. ಈಗ ಸದ್ದು ಶುರುವಾದರೆ ನಲ್ಲಿ ತಿರುಗಿಸುತ್ತಾಳೆ, ಇಲ್ಲವೇ ರೇಡಿಯೋ ಹಾಕುತ್ತಾಳೆ. ಐವಿನ್‌ಗೆ ಗೊತ್ತಾಗುತ್ತದೆ, ನಿಧಾನವಾಗಿ ಅಗಿಯಲು ನೋಡುತ್ತಾನೆ. ಶೆಡ್ಡಿನ ಗೋಡೆಯ ಮೇಲಿನ ಪೆನ್ಸಿಲಿನ ಹೆಸರನ್ನು ಅವನು ಅಳಿಸಲಿಲ್ಲ. ಪಕ್ಕದ ಮೊಳೆಗೆ ಮಾತ್ರ ಒಂದು ಹಳೆಯ ಕೋಟು ತೂಗುಹಾಕಿದ್ದಾನೆ, ಅದರ ತೋಳು ಹೆಸರಿನ ಮೇಲೆ ಬರುತ್ತದೆ.

ಜೂನ್ ತಿಂಗಳಲ್ಲಿ ಬೊಡಿಲ್ ಕರೆದು ತೋರಿಸಿದಳು. ಮೆರೆಟೆ ಎರಡನೇ ಸಲ ಮನವಿ ಹಾಕಿದ್ದಳು, ಈ ಸಲ ಕೇಳಿದ್ದು ಎಪ್ಪತ್ತು ಸಾವಿರ ಮಾತ್ರ, ಹಳೆಯ ಹೊಲಿಗೆ ಯಂತ್ರಕ್ಕೆ. ದಾಗ್ನಿ ಕೂತು ಮೊದಲಿನಿಂದ ಕೊನೆಯವರೆಗೆ ಓದಿದಳು. ಬಲೆಯ ಬಗ್ಗೆ, ಬೆರಳುಗಳ ಬಗ್ಗೆ, ಬೆನ್ನಿಗೆ ಒತ್ತುವ ಗಂಟಿನ ಬಗ್ಗೆ. ಗಂಟಿನ ಜಾಗದಲ್ಲಿ ಒಂದು ಸಾಲು ಹೊಸದಾಗಿತ್ತು: "ಒಬ್ಬರು ಮಲಗಿ ನೋಡಿ, ಪರವಾಗಿಲ್ಲ ಎಂದಿದ್ದಾರೆ."

ಆ ಹೊತ್ತಿಗೆ ಐವಿನ್ ಬಂದು ಹಿಂದೆ ನಿಂತ. "ಎಷ್ಟು ಬಂದಿದೆ?" ಎಂದ.

"ನೋಡಿಲ್ಲ," ಎಂದಳು ದಾಗ್ನಿ.

ನೋಡಿದ್ದಳು. ಹದಿಮೂರು ದಿನ ಕಳೆದು ಅರ್ಧ ಗಡುವು ದಾಟಿತ್ತು, ಬಂದದ್ದು ನೂರಕ್ಕೆ ಹನ್ನೊಂದು. ಅದರ ಅರ್ಥವೇನೆಂದು ಅವಳಿಗಿಂತ ಚೆನ್ನಾಗಿ ಬಲ್ಲವರಿಲ್ಲ. ಎಡಗೈ ಹೆಬ್ಬೆರಳನ್ನು ಪರದೆಯ ಮೇಲಿಟ್ಟು ಆ ಅಂಕಿಯನ್ನು ಮುಚ್ಚಿಕೊಂಡಳು, ಬಲಗೈಯಿಂದ ಒಂದೊಂದೇ ಅಕ್ಷರವಾಗಿ ತನ್ನ ಹೆಸರು ಬರೆಯತೊಡಗಿದಳು.